ನನ್ನದಲ್ಲದ ಹರಳು

೧೯೯೮ರ ನವೆಂಬರ್ ೧೩ರ ಪುಟದಲ್ಲಿ ನಾನು ಬರೆದಿರುವುದು ಇಷ್ಟು: "ಇಂದು ಹರಳು ನೋಡಿದೆ. ಕಂದು ಬಣ್ಣ, ಮೈಯೆಲ್ಲ ಮುಳ್ಳು ಮುಳ್ಳು. ಉದ್ದ ಹನ್ನೊಂದು ಮಿಲಿಮೀಟರ್, ಅಗಲ ಏಳು. ಜ್ವರ ಇಲ್ಲ. ಇಡ್ಲಿ ಒಂದೂವರೆ."

ಅಂದು ಆಪರೇಷನ್ ಆಗಿ ನಾಲ್ಕನೆಯ ದಿನ. ಬೆಳಗಾವಿಯ ಆ ಖಾಸಗಿ ದವಾಖಾನೆಯಲ್ಲಿ ಮೂತ್ರಪಿಂಡದ ಹರಳು ತೆಗೆಸಿಕೊಂಡವರಿಗೆ ಅದನ್ನು ಔಷಧದ ಖಾಲಿ ಸೀಸೆಯಲ್ಲಿ ಹಾಕಿ ಕೊಡುವ ರೂಢಿ ಇತ್ತು. ಜನ ಅದನ್ನು ಮನೆಗೆ ಒಯ್ದು, ಮಾತಾಡಿಸಲು ಬಂದವರಿಗೆಲ್ಲ ತೋರಿಸುತ್ತಿದ್ದರು. ನನ್ನದೂ ಬೇಕೆಂದು ಮೂರು ದಿನ ಕೇಳಿದ್ದೆ. ನಾಲ್ಕನೆಯ ದಿನ ಅಣ್ಣ ಸೀಸೆ ತಂದು ಹಾಸಿಗೆಯ ಮೇಲಿಟ್ಟ.

"ತಗೋ. ಇದೊಂದರ ಸಲುವಾಗಿ ನರ್ಸಮ್ಮಗ ಹುಚ್ಚ ಹಿಡಿಸಿದಿ."

ಪೆನ್ಸಿಲ್ ಡಬ್ಬಿಯಿಂದ ಸಣ್ಣ ಸ್ಕೇಲು ತೆಗೆದು ಅಳೆದೆ. ಅಣ್ಣ ನಗುತ್ತ ನೋಡುತ್ತ ನಿಂತಿದ್ದ. ಆ ಹರಳು ನನ್ನದಲ್ಲ ಎಂದು ತಿಳಿಯಲು ನನಗೆ ನಾಲ್ಕೂವರೆ ತಿಂಗಳು ಬೇಕಾಯಿತು.

ಆಗ ನನಗೆ ಇಪ್ಪತ್ಮೂರು. ನಮ್ಮೂರು ಬೈಲಹೊಂಗಲದಿಂದ ಆರು ಕಿಲೋಮೀಟರ್. ಊರಿನ ಹಾಲಿನ ಸಂಘದಲ್ಲಿ ನನ್ನದು ಪರೀಕ್ಷೆಯ ಕೆಲಸ: ಬೆಳಿಗ್ಗೆ ಸಂಜೆ ಹಾಲು ತಂದವರ ಮಾದರಿಯನ್ನು ಸಣ್ಣ ಬಾಟಲಿಗೆ ಹಾಕಿ, ಅವರ ನಂಬರಿನ ಚೀಟಿ ಅಂಟಿಸಿ, ಕೊಬ್ಬು ಎಷ್ಟಿದೆ ಎಂದು ನೋಡಿ ಬರೆಯುವುದು. ಬರೆಯುವ ಚಟ ಅದಕ್ಕೂ ಮೊದಲಿನದು. ಎಂಟನೆಯ ಇಯತ್ತೆಯಿಂದ ಒಂದು ದಿನವೂ ತಪ್ಪಿಸದೆ ಡೈರಿ ಬರೆದಿದ್ದೇನೆ. ಬಸ್ಸು ಎಷ್ಟು ತಡ, ಮಳೆ ಎಷ್ಟು ಸಲ, ಎಮ್ಮೆ ಎಷ್ಟು ಕೊಟ್ಟಿತು. ಮನೆಯಲ್ಲಿ ಎಲ್ಲರಿಗೂ ಇದೊಂದು ಚೇಷ್ಟೆಯ ವಿಷಯ. "ನಮ್ಮ ಮನ್ಯಾಗ ಊರ ಲೆಕ್ಕಾ ಬರಿಯೂ ತಲಾಟಿ ಹುಟ್ಟ್ಯಾಳ" ಎಂದು ಅಪ್ಪ ಬಂದವರಿಗೆ ಹೇಳುತ್ತಿದ್ದ.

ಹಾಗಾಗಿ ಜಡ್ಡು ಶುರುವಾದ ದಿನವೂ ನನ್ನ ಹತ್ತಿರ ಇದೆ. ಆಗಸ್ಟ್ ೯: ಮೂತ್ರ ಕೆಂಪು, ಒಂದು ಸಲ. ೧೦, ೧೧: ಇಲ್ಲ. ೧೪: ಎರಡು ಸಲ. ಅವ್ವ ಪುಟ ತಿರುವಿ ನೋಡುವ ಪೈಕಿಯವಳಲ್ಲ; ಆದರೂ ನಾಚಿಕೆಯಾಗಿ ಆಮೇಲೆ ಬರೀ ಕೆಂಪು ಚುಕ್ಕೆ ಇಡತೊಡಗಿದೆ. ಆ ತಿಂಗಳಲ್ಲಿ ಹನ್ನೊಂದು ಚುಕ್ಕೆ. ಎಡಪಕ್ಕೆಯಲ್ಲಿ ಭಾರ ಎನ್ನಿಸುತ್ತಿತ್ತು, ನೋವಲ್ಲ. ಬೈಲಹೊಂಗಲದ ಡಾಕ್ಟರು ಹರಳು ಎಂದರು. ನಮ್ಮ ಕಡೆ ಈ ವಯಸ್ಸಿನಲ್ಲಿ ಇನ್ನೇನು ಇರುತ್ತದೆ? ಬಾಳೆದಿಂಡಿನ ರಸ, ಹುರುಳಿ ಕಟ್ಟು, ಸವದತ್ತಿ ಕಡೆಯ ಒಂದು ಹಳ್ಳಿಯಿಂದ ತರಿಸಿದ ಬೇರಿನ ಪುಡಿ. ನಲವತ್ತಾರು ದಿನ ಬಿಡದೆ ಕುಡಿದೆ. ಚುಕ್ಕೆ ಕಡಿಮೆಯಾಗಲಿಲ್ಲ. ಅಕ್ಟೋಬರಿನಲ್ಲಿ ಸ್ಕ್ಯಾನ್ ಮಾಡಿಸಿದರು. ನನ್ನನ್ನು ಹೊರಗೆ ಕೂರಿಸಿ ಅಣ್ಣ ಒಬ್ಬನೇ ಡಾಕ್ಟರ ಹತ್ತಿರ ಇಪ್ಪತ್ತು ನಿಮಿಷ ಮಾತಾಡಿ ಬಂದ.

"ಹರಳು ಭಾಳ ದಿನದ್ದು ಅಂತವಾ. ಎಡಗಡಿದು ಕಿಡ್ನಿ ಪೂರಾ ಕೆಡಿಸೈತಿ. ತಗದಬಿಡ್ತಾರ. ಒಂದರ ಮ್ಯಾಲ ಎಷ್ಟ ಮಂದಿ ಬದುಕ್ಯಾರ."

ನಾನು ನಂಬಿದೆ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಹೆಗಲ ಮೇಲೆ ಕೂರಿಸಿಕೊಂಡು ಸಾಲೆಗೆ ಬಿಟ್ಟು ಬಂದವನು. ಅವನು ಹೇಳಿದ್ದನ್ನು ಎರಡನೆಯ ಸಲ ಪರೀಕ್ಷೆ ಮಾಡುವ ಅಭ್ಯಾಸ ನನಗಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಆ ಮೇ ತಿಂಗಳಲ್ಲಿ ನನ್ನ ನಿಶ್ಚಿತಾರ್ಥ ಆಗಿತ್ತು. ವರ ರಾಮದುರ್ಗದವನು, ಸೀರೆ ನೇಯಿಸಿ ಮಾರುವ ಮನೆತನ. ಮದುವೆ ಮಾಘಮಾಸಕ್ಕೆ ಎಂದು ಮಾತಾಗಿತ್ತು. ಆಪರೇಷನ್ ವಿಷಯ ರಾಮದುರ್ಗಕ್ಕೆ ತಿಳಿಸುವಾಗ ಅಪೆಂಡಿಕ್ಸ್ ಎಂದು ತಿಳಿಸಿದರು. ಹರಳು ಎಂದರೂ ಕಿಡ್ನಿಯ ಮಾತು ಬರುತ್ತದೆ, ಹುಡುಗಿಗೆ ಕಿಡ್ನಿ ಒಂದೇ ಎಂದು ಗೊತ್ತಾದರೆ ಮದುವೆ ನಿಲ್ಲುತ್ತದೆ ಎಂದರು. ಆ ಸುಳ್ಳಿಗೆ ನಾನೂ ಒಪ್ಪಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮದುವೆಯನ್ನು ಯಾವುದೋ ನೆವ ಹೇಳಿ ವೈಶಾಖಕ್ಕೆ ಹಾಕಿದರು.

ನವೆಂಬರ್ ೯ಕ್ಕೆ ಆಪರೇಷನ್. ಹತ್ತು ದಿನದ ಮೇಲೆ ಮನೆಗೆ ಬಂದೆ. ಡಾಕ್ಟರು ಯಾವ ಗುಳಿಗೆಯನ್ನೂ ಬರೆಯಲಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಅವ್ವ ದಿನಾ ಬೆಳಿಗ್ಗೆ ಹುರುಳಿ ಕಟ್ಟು ಕುದಿಸಿ ಕೊಡುತ್ತಿದ್ದಳು, ಹರಳು ಮತ್ತೆ ಕಟ್ಟಬಾರದೆಂದು. ಸಂಕ್ರಮಣದ ಹೊತ್ತಿಗೆ ನಾನು ಸಂಘಕ್ಕೆ ಹೋಗತೊಡಗಿದೆ. ಫೆಬ್ರವರಿ ೨೨ರಿಂದ ಕೆಮ್ಮು. ಸಂಘದಲ್ಲಿ ಹಿಂಡಿಯ ಚೀಲ ತೂಗುವ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ನಿಲ್ಲುತ್ತಿದ್ದೆ: ನಲವತ್ತೇಳು, ನಲವತ್ತಾರು, ನಲವತ್ನಾಲ್ಕು, ನಲವತ್ಮೂರು. ಮೂವತ್ತು ದಿನ ಕೆಮ್ಮಿದ ಮೇಲೆ ಬೈಲಹೊಂಗಲದಲ್ಲಿ ಎದೆಯ ಎಕ್ಸ್‌ರೇ ತೆಗೆಸಿದರು. ಅಣ್ಣ ಅದನ್ನು ನೋಡಿದವನೇ ಕುಳಿತುಬಿಟ್ಟ. ಟಿ.ಬಿ. ಇರಬಹುದು ಎಂದು ನಾನೇ ಅವನಿಗೆ ಧೈರ್ಯ ಹೇಳಿದೆ.

ಮಾರ್ಚ್ ೨೭ಕ್ಕೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದೆವು. ಅಲ್ಲಿದ್ದವರು ಒಬ್ಬ ಡಾಕ್ಟರ್‌ಬಾಯಿ, ನಲವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ. ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಎರಡೂ ಪುಪ್ಪುಸಗಳಲ್ಲಿ ದುಂಡನೆಯ ಬಿಳಿ ಗುರುತುಗಳು. ನಾನು ಎಣಿಸಿದೆ, ಐದು.

"ಕಿಡ್ನಿ ಯಾಕ ತಗದ್ರು ನಿಮ್ಮದು?"

"ಹರಳಾಗಿತ್ರಿ."

"ಬಯಾಪ್ಸಿ ರಿಪೋರ್ಟ್ ಎಲ್ಲದ?"

"ಹರಳಿಗೆ ಬಯಾಪ್ಸಿ ಮಾಡ್ತಾರೇನ್ರಿ?"

ಅವರು ಅಣ್ಣನ ಮುಖ ನೋಡಿದರು. ಅಣ್ಣ, "ನೀ ಸ್ವಲ್ಪ ಹೊರಗ ಕುಂಡ್ರವಾ" ಎಂದ. ನಾನು ಏಳಲಿಲ್ಲ. ಡಾಕ್ಟರ್‌ಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪೇಷಂಟ್ ಇಲ್ಲೇ ಇರ್ತಾರ. ನೀವು ಹೇಳ್ರಿ."

ಅಣ್ಣ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅಷ್ಟು ದಿನವೂ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ್ದನೋ ಏನೋ, ಮಡಿಕೆಗಳೆಲ್ಲ ಹರಿದು ಬಂದಿದ್ದವು. ಡಾಕ್ಟರ್‌ಬಾಯಿ ಓದಿದರು. ಇನ್ನೊಮ್ಮೆ ಓದಿದರು.

"ಇದು ಯಾರದು? ಐವತ್ತೆರಡು ವರ್ಷದ ಗಂಡಸಿಂದು ಅದಲ್ಲ."

ಕಾಗದದ ಮೇಲೆ ಅಪ್ಪನ ಹೆಸರಿತ್ತು.

ನಡೆದದ್ದು ಹೀಗೆ. ಸ್ಕ್ಯಾನಿನಲ್ಲಿ ಕಂಡದ್ದು ಹರಳಲ್ಲ, ಕ್ಯಾನ್ಸರಿನ ಗಡ್ಡೆ; ಅಣ್ಣನಿಗೆ ಅದು ಅಕ್ಟೋಬರಿನಲ್ಲೇ ಗೊತ್ತಿತ್ತು. ನಮ್ಮ ಕಡೆ ಆಪರೇಷನ್ನಿನಲ್ಲಿ ತೆಗೆದದ್ದನ್ನು ಪರೀಕ್ಷೆಗೆ ಒಯ್ದು ಮುಟ್ಟಿಸುವುದು ಮನೆಯವರ ಕೆಲಸ. ದವಾಖಾನೆಯವರು ನನ್ನ ಕಿಡ್ನಿಯನ್ನು ಪ್ಲಾಸ್ಟಿಕ್ ಡಬ್ಬಿಯ ಔಷಧನೀರಿನಲ್ಲಿ ಹಾಕಿ ಅಣ್ಣನ ಕೈಗೆ ಕೊಟ್ಟಿದ್ದರು. ಅವನು ಅದನ್ನು ಕೈಚೀಲದಲ್ಲಿಟ್ಟುಕೊಂಡು ಊರ ಮಧ್ಯದ ಲ್ಯಾಬಿಗೆ ಹೋಗಿದ್ದ. ಆ ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುವವನು ರಾಮದುರ್ಗದ ವರನ ಚಿಕ್ಕಪ್ಪನ ಮಗ. ಬಾಗಿಲಲ್ಲೇ ಅವನ ಬೆನ್ನು ಕಂಡಿದೆ. ಅಣ್ಣ ಹಿಂದೆ ಸರಿದು, ಹೊರಗೆ ಬೀಡಿ ಸೇದುತ್ತಿದ್ದ ಜವಾನನ ಕೈಗೆ ಡಬ್ಬಿ ಕೊಟ್ಟು, ಚೀಟಿಯಲ್ಲಿ ಅಪ್ಪನ ಹೆಸರು ಬರೆಸಿದ. ಅಪ್ಪನ ಜಡ್ಡಿಗೆ ಮದುವೆ ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ. ಸರ್ಜನ್ ಡಾಕ್ಟರಿಗೆ ಆಮೇಲೆ ಹೇಳಿದನಂತೆ. ಮದುವೆಯ ಮಾತಿದ್ದ ಮನೆಗಳಲ್ಲಿ ಹೀಗೆ ಮಾಡುತ್ತಾರೆಂದು ಅವರಿಗೂ ಗೊತ್ತಿತ್ತಂತೆ. ರಿಪೋರ್ಟಿನ ಕೊನೆಯ ಸಾಲು ಮಾತ್ರ ನೋಡಿ, ಪೂರ್ತಿ ತೆಗೆದಿದ್ದೇವೆ, ಇದಕ್ಕೆ ಬೇರೆ ಔಷಧ ಇಲ್ಲ ಎಂದರಂತೆ.

"ಹೆಸರು ಬ್ಯಾರೆ ಬರಸಿದಿ, ಬಿಡು," ಎಂದೆ ನಾನು, ದವಾಖಾನೆಯ ಮೆಟ್ಟಿಲ ಮೇಲೆ. "ವಯಸ್ಸು ಯಾಕ ಐವತ್ತೆರಡು ಬರಸಿದಿ?"

"ಹೆಸರು ಅಪ್ಪಂದು ಅಂದಮ್ಯಾಲ ವಯಸ್ಸೂ ಅಪ್ಪಂದ ಬರಸಬೇಕಲಾ. ಇಲ್ಲಂದ್ರ ಸಂಶೆ ಬರ್ತಿತ್ತು."

"ನನ್ನ ಕಡೆ ಯಾರರ ಒಂದು ಬಾಟಲಿಗೆ ಮತ್ತೊಬ್ಬರ ನಂಬರ್ ಹಚ್ಚಿದ್ರ ಏನ ಮಾಡ್ತಿದ್ನಿ, ಗೊತ್ತೈತೇನು?"

"ಅದು ಹಾಲವಾ."

ಈ ಉತ್ತರವನ್ನು ಅವನು ತಮಾಷೆಗೆ ಹೇಳಲಿಲ್ಲ. 

"ಹರಳು?"

"ಬಾಜೂ ಖೋಲಿ ಮುದಕಪ್ಪಂದು. ಮನೋಳಿ ಕಡೆ ಅಂವ. ಅವಂಗ ಎರಡು ಬಂದಿದ್ದೂ. ಒಂದು ಕೊಟ್ಟಾ."

ಡಾಕ್ಟರ್‌ಬಾಯಿ ಹಳೆಯ ರಿಪೋರ್ಟನ್ನು ನಂಬಲಿಲ್ಲ. ಆ ಲ್ಯಾಬಿನಲ್ಲಿ ನನ್ನ ಕಿಡ್ನಿಯ ತುಂಡುಗಳನ್ನು ಮೇಣದ ಅಚ್ಚುಗಳಲ್ಲಿ ಹಾಕಿ ಇಟ್ಟಿರುತ್ತಾರೆ, ಅವನ್ನು ತನ್ನಿ, ಸರಿಯಾದ ವಯಸ್ಸು ಬರೆದು ಮತ್ತೆ ನೋಡಿಸೋಣ ಎಂದರು. ಲ್ಯಾಬಿನವರು ಪೇಷಂಟಿನ ಸಹಿ ಇಲ್ಲದೆ ಕೊಡುವುದಿಲ್ಲ ಎಂದರು. ಪೇಷಂಟ್ ಎಂದರೆ ಅಪ್ಪ. ಕೊನೆಗೆ ಅಪ್ಪ ಬೆಳಗಾವಿಗೆ ಹೋಗಿ, ತನಗೆ ಇಲ್ಲದ ಜಡ್ಡಿನ ಸಲುವಾಗಿ ಸಹಿ ಮಾಡಿ, ಆರು ಅಚ್ಚುಗಳನ್ನು ತಲೆಗೆ ಸುತ್ತುವ ಪಟಕಾದಲ್ಲಿ ಕಟ್ಟಿಕೊಂಡು ತಂದ. ಕೌಂಟರಿನಲ್ಲಿದ್ದ ಹುಡುಗಿ, "ಈಗ ಆರಾಮದೀರೇನ್ರಿ ಅಜ್ಜಾರ?" ಎಂದು ಕೇಳಿದಳಂತೆ. ಅಪ್ಪ ಆರಾಮ ಎಂದನಂತೆ.

ಎಂಟು ದಿನಕ್ಕೆ ಹೊಸ ರಿಪೋರ್ಟು ಬಂತು. ಡಾಕ್ಟರ್‌ಬಾಯಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ನೋಡ್ರಿ, ಮೊದಲನೇದವರು ಒಂದು ತುಂಡಿನಾಗ ಸಣ್ಣ ಸಣ್ಣ ಕೊಳವಿ ಹಂಗ ಇರೋ ಕಣ ಕಂಡ್ರು. ಐವತ್ತು ದಾಟಿದವರದು ಅಂದ್ರ ಅದು ದೊಡ್ಡವರ ಕಿಡ್ನಿ ಕ್ಯಾನ್ಸರ್ ಅಂತನ ಅನ್ನಸ್ತದ. ಇವರು ಆರೂ ತುಂಡು ನೋಡ್ಯಾರ. ಮೂರು ಥರದ ಕಣ ಅವ. ಇದು ಸಣ್ಣ ಮಕ್ಕಳಿಗೆ ಬರೋದು. ತಾಯಿ ಹೊಟ್ಟಿಯೊಳಗ ಕಿಡ್ನಿ ಬೆಳಿಯೋ ಮುಂದ ಇರೋ ಕಣ ಉಳಕೊಂಡು ಗಡ್ಡಿ ಆಗ್ತದ. ವಿಲ್ಮ್ಸ್ ಟ್ಯೂಮರ್ ಅಂತಾರ. ನಿಮ್ಮ ವಯಸ್ಸಿನವರಿಗೆ ಬಂದಿದ್ದು ನಾ ಇದ ಮೊದಲ ನೋಡೂದು."

"ಔಷಧ ಐತೇನ್ರಿ?"

"ಅದ. ಅದು ಅದ ಅಂತನ ಸಿಟ್ಟು ಬರಾಕತ್ತದ ನನಗ. ದೊಡ್ಡವರ ಕ್ಯಾನ್ಸರಿಗೆ ಈ ಔಷಧ ನಾಟೂದಿಲ್ಲ, ಇದಕ್ಕ ನಾಟತದ. ಆಪರೇಷನ್ ಆದ ಕೂಡಲೇ ಶುರು ಮಾಡಬೇಕಿತ್ತು. ಈಗ ಎದಿಗೆ ಬಂದದ. ಹಂಗಂತ ಕೈ ಬಿಡೂದಿಲ್ಲ."

ಆಪರೇಷನ್ ನವೆಂಬರ್ ೯. ಮೊದಲ ಇಂಜೆಕ್ಷನ್ ಎಪ್ರಿಲ್ ೧೨. ನಡುವೆ ನೂರಾ ಐವತ್ನಾಲ್ಕು ದಿನ. ಆ ಪ್ರತಿ ದಿನದ ಪುಟ ನನ್ನ ಹತ್ತಿರ ಇದೆ. ಒಂದೊಂದರಲ್ಲೂ ನಾನು ತಿಂದದ್ದು, ತೂಗಿದ್ದು, ಕೆಮ್ಮಿದ್ದು ಸರಿಯಾಗಿ ದಾಖಲಾಗಿದೆ. ದಾಖಲೆಯೆಲ್ಲ ಸರಿ, ಜಡ್ಡು ಮಾತ್ರ ಬೇರೆ.

ಮೊದಲ ಇಂಜೆಕ್ಷನ್ನಿಗೆ ಮುಂಚೆ ನಾನೊಂದು ಪಟ್ಟಿ ಮಾಡಿದೆ: ಯಾರಿಗೆ ಗೊತ್ತಿತ್ತು, ಯಾವಾಗಿನಿಂದ. ಅಣ್ಣ, ಅಕ್ಟೋಬರ್ ೧೬. ಅಪ್ಪ, ಅದೇ ದಿನ. ಕಿತ್ತೂರಿನ ಸೋದರಮಾವ, ೧೮. ಅವ್ವನಿಗೆ ಗೊತ್ತಿರಲಿಲ್ಲ ಎಂದೇ ನಾನು ಹಿಡಿದಿದ್ದೆ. ಹೊಸ ರಿಪೋರ್ಟು ಬಂದ ಮೇಲೆ ಅವಳ ಮುಂದೆ ಹೇಗೆ ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಕುಳಿತಿದ್ದವಳ ಪಕ್ಕದಲ್ಲಿ ಕುಳಿತೆ.

"ಅವ್ವಾ, ನನಗ ಹರಳಾಗಿರಲಿಲ್ಲ."

ಅವಳು ರೊಟ್ಟಿ ಮಗುಚಿ ಹಾಕಿದಳು. "ಗೊತ್ತೈತಿ."

"ಯಾವಾಗಿಂದ?"

"ಆಪರೇಷನ್ ಹಿಂದಿನ ದಿನ ಹೇಳಿದ್ರು."

"ಮತ್ತ ಇಷ್ಟ ದಿನ ಹುರಳಿ ಕಟ್ಟು ಯಾಕ ಕುದಿಸಿ ಕೊಟ್ಟಿ?"

"ಕೊಡಲಿಲ್ಲಂದ್ರ ನಿನಗ ಸಂಶೆ ಬರ್ತಿತ್ತಲಾ."

ರೊಟ್ಟಿ ಉಬ್ಬಿ ಬಂತು. ಅದನ್ನು ಬುಟ್ಟಿಗೆ ಹಾಕಿ, "ತಿಂತೀ ಏನು?" ಎಂದಳು. ಐದು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಲೋಟ ಹಿಡಿದು ಬಂದು, "ಪೂರಾ ಕುಡಿ, ತಳದಾಗ ಬಿಡಬ್ಯಾಡ" ಎಂದು ಗದರಿಸಿದ್ದಳು. ಒಂದು ದಿನವೂ ದನಿ ತಪ್ಪಿರಲಿಲ್ಲ. ಅಣ್ಣನ ಸುಳ್ಳು ನನಗೆ ಆಮೇಲಾಮೇಲೆ ಅರ್ಥವಾಯಿತು. ಹೆದರಿದವನ ಸುಳ್ಳು ಅದು. ಅವ್ವನ ಲೋಟ ಇವತ್ತಿಗೂ ಅರ್ಥವಾಗಿಲ್ಲ.

ಅದೇ ವಾರ ನಾನು ರಾಮದುರ್ಗಕ್ಕೆ ಪತ್ರ ಬರೆದೆ. ಮುಚ್ಚಿದ ಪತ್ರವಲ್ಲ, ಕಾರ್ಡು. ಪೋಸ್ಟ್‌ಮನ್ ಓದಲಿ, ಅಂಗಡಿಯವರು ಓದಲಿ ಎಂದೇ ಕಾರ್ಡಿನಲ್ಲಿ ಬರೆದೆ: ನನಗೆ ಕ್ಯಾನ್ಸರ್ ಇದೆ, ಒಂದು ಕಿಡ್ನಿ ತೆಗೆದಿದ್ದಾರೆ, ಚಿಕಿತ್ಸೆ ಈಗ ಶುರುವಾಗುತ್ತದೆ, ಅಪೆಂಡಿಕ್ಸ್ ಎಂದದ್ದು ಸುಳ್ಳು, ಆ ಸುಳ್ಳಿನಲ್ಲಿ ನಾನೂ ಇದ್ದೆ. ಒಂಬತ್ತು ದಿನಕ್ಕೆ ವರನ ತಾಯಿ ಬಂದರು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಜಡ್ಡು ಯಾರ ಮನ್ಯಾಗ ಬರೂದಿಲ್ಲ? ನಮಗ ಮೊದಲ ಹೇಳಿದ್ರ ನಾವೂ ಓಡ್ಯಾಡತಿದ್ವಿ. ಸುಳ್ಳು ಹೇಳಿದ್ರಲಾ" ಎಂದರು. ನಿಶ್ಚಯದ ಸೀರೆಯನ್ನು ಅವ್ವ ಮಡಿಚಿ ಕೊಟ್ಟಳು. ನಿಜ ಹೇಳಿದ್ದರೆ ಅವರು ಓಡಾಡುತ್ತಿದ್ದರೇ ಎಂದು ನನಗೆ ಗೊತ್ತಿಲ್ಲ. ಹೇಳಿ ನೋಡಿದವರು ಯಾರೂ ಇರಲಿಲ್ಲ.

ಚಿಕಿತ್ಸೆ ಮಕ್ಕಳ ವಾರ್ಡಿನಲ್ಲಿ. ದೊಡ್ಡವರಿಗೆಂದು ಬರೆದಿಟ್ಟ ಔಷಧದ ಲೆಕ್ಕ ಇಲ್ಲ, ಮಕ್ಕಳದ್ದನ್ನೇ ನೋಡಿಕೊಂಡು ಮಾಡಬೇಕು, ಈ ಔಷಧ ಕೊಟ್ಟು ಕೈ ಪಳಗಿದ ನರ್ಸುಗಳು ಇಲ್ಲೇ ಇದ್ದಾರೆ ಎಂದು ಡಾಕ್ಟರ್‌ಬಾಯಿ ಅಲ್ಲಿಗೆ ಕಳಿಸಿದರು. ಸೋಮವಾರ ಸೋಮವಾರ ಹೋಗುತ್ತಿದ್ದೆ. ಮಂಚ ಚಿಕ್ಕದು, ಕಾಲು ಮಡಚಬೇಕು. ಮೂರು ಔಷಧಗಳಲ್ಲಿ ಒಂದು ಕೆಂಪಗಿತ್ತು. ಅದನ್ನು ಹಾಕಿದ ಮೊದಲ ದಿನ ಮೂತ್ರ ಕೆಂಪಾಗಿ ಬಂದಾಗ ನಾನು ಗೋಡೆ ಹಿಡಿದು ನಿಂತೆ. ನರ್ಸು ಬಂದು, "ಅದು ಔಷಧದ ಬಣ್ಣ. ನಾಳಿಗೆ ಹೋಗ್ತೈತಿ. ಮೊದಲ ಹೇಳಬೇಕಿತ್ತು ನಾವು, ತಪ್ಪಾತು" ಎಂದಳು. ತಪ್ಪಾಯಿತು ಎಂದು ನನಗೆ ಹೇಳಿದ ಮೊದಲನೆಯವಳು ಆಕೆ.

ಪಕ್ಕದ ಮಂಚದಲ್ಲಿ ಕಿತ್ತೂರ ಕಡೆಯ ನಾಲ್ಕು ವರ್ಷದ ಹುಡುಗಿ, ತಲೆ ಬೋಳು, ಕೈಯಲ್ಲಿ ಬಿಸ್ಕಿಟು. ಎರಡನೆಯ ಸೋಮವಾರ ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು.

"ನೀ ಇಷ್ಟ ದೊಡ್ಡಾಕಿ ಆಗಿ ಇಲ್ಯಾಕ ಬಂದಿ?"

"ನನಗೂ ನಿನ್ನಂಗ ಆಗೇತಿ."

"ಕೊಯ್ದದ್ದು ತೋರಸು."

ಸೆರಗು ಸರಿಸಿ ತೋರಿಸಿದೆ. ಆಕೆ ತನ್ನ ಅಂಗಿ ಎತ್ತಿ ತನ್ನದನ್ನು ನೋಡಿಕೊಂಡಳು.

"ನಂದು ಈ ಕಡಿ. ಒಳಗ ಕೆಟ್ಟ ಗಡ್ಡಿ ಇತ್ತು. ಕಿಡ್ನಿ ಸೈತ ತಗದ್ರು. ಇನ್ನ ಎಂಟು ಸೂಜಿ ಅದಾವು. ಕೂದಲಾ ಬರ್ತಾವು." ಆಮೇಲೆ ಬಿಸ್ಕಿಟು ಚಾಚಿ, "ನಿಂಗ ಯಾರೂ ಹೇಳಿಲ್ಲೇನು?" ಎಂದಳು.

ಆಕೆಯ ತಾಯಿ ಕೂಲಿ ಮಾಡುವ ಹೆಂಗಸು. ಇದನ್ನೆಲ್ಲ ಮಗುವಿಗೆ ಯಾಕೆ ಹೇಳಿದಿರಿ ಎಂದು ಕೇಳಿದೆ. "ಚುಚ್ಚೂದು ಅಕೀ ಮೈಯಿಗೆರಿ," ಎಂದಳು. "ಹೇಳದ ಹೆಂಗ ಹಿಡಕೊಂಡು ಕುಂಡ್ರಿಸಲಿ?"

ಎಂಟನೆಯ ವಾರಕ್ಕೆ ನನ್ನ ಬೆರಳ ತುದಿಗಳು ಮರಗಟ್ಟಿದವು. ರವಿಕೆಯ ಹುಕ್ಕು ಹಾಕಲು ಬರುತ್ತಿರಲಿಲ್ಲ, ನಡೆಯುವಾಗ ಎಡಪಾದ ನೆಲಕ್ಕೆ ಉಜ್ಜುತ್ತಿತ್ತು. ಈ ಔಷಧ ದೊಡ್ಡವರ ನರಗಳಿಗೆ ಹೆಚ್ಚು ಕಾಟ ಕೊಡುತ್ತದೆ ಎಂದು ಡಾಕ್ಟರ್‌ಬಾಯಿ ಎರಡು ವಾರ ತಡೆದು ಮತ್ತೆ ಶುರು ಮಾಡಿದರು. ಪೆನ್ನು ಜಾರುತ್ತಿತ್ತು. ಆ ತಿಂಗಳ ಪುಟಗಳಲ್ಲಿ ಅಕ್ಷರವಿಲ್ಲ, ಗೀಟುಗಳಿವೆ. ವಾಂತಿಗೆ ಉದ್ದ ಗೀಟು, ಜ್ವರಕ್ಕೆ ಅಡ್ಡ ಗೀಟು. ಜುಲೈನಲ್ಲಿ ಎದೆಗೆ ಹನ್ನೆರಡು ದಿನ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಪ್ರತಿ ಸಲವೂ ಅಣ್ಣ ಜೊತೆಗೆ ಬರುತ್ತಿದ್ದ. ಹೊರಗಿನ ಬಾಕಿನ ಮೇಲೆ ಕೂರುತ್ತಿದ್ದ. ಒಳಗೆ ಬರಲು ನಾನು ಬಿಡುತ್ತಿರಲಿಲ್ಲ. ಕಾಗದಗಳನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಅವನು ಕೇಳಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕೊಡುತ್ತಿದ್ದ, ವಾಂತಿಗೆ ಚೀಲ ಹಿಡಿಯುತ್ತಿದ್ದ.

ಡಿಸೆಂಬರ್ ೬, ಸೋಮವಾರ. ಕೊನೆಯ ಇಂಜೆಕ್ಷನ್ ಆಗಿ ಮೂರು ವಾರ. ಡಾಕ್ಟರ್‌ಬಾಯಿ ಹೊಸ ಸ್ಕ್ಯಾನನ್ನು ದೀಪಕ್ಕೆ ಹಿಡಿದರು.

"ಎಣಸ್ರಿ ನೋಡೂಣು."

ಎಣಿಸಲು ಏನೂ ಇರಲಿಲ್ಲ. ಐದು ವರ್ಷ ತಪ್ಪದೆ ಬರಬೇಕು, ಯಾವಾಗ ಬೇಕಾದರೂ ಮರಳಿ ಬರಬಹುದು, ಹೊರಗಿನವರಿಗೆ ಸುಮ್ಮನೆ ಹುಷಾರಾಯಿತು ಎಂದು ಹೇಳಬೇಡಿ ಎಂದರು. ರಿಪೋರ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಅಣ್ಣ ಎದ್ದು ನಿಂತ. "ಬಸ್ಸಿಗೆ ಹೊತ್ತಾತು, ನಡಿ" ಎಂದೆ.

ಹುಬ್ಬಳ್ಳಿಯಿಂದ ಕಿತ್ತೂರಿಗೆ ಬಸ್ಸು ಒಂದು ತಾಸು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಅಷ್ಟು ಹೊತ್ತು ನಾನು ಏನೂ ಹೇಳಲಿಲ್ಲ. ಅವನು ಧಾರವಾಡದಲ್ಲಿ ಒಮ್ಮೆ ನನ್ನ ಕಡೆ ತಿರುಗಿದ, ಆಮೇಲೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕುಳಿತ. ಗೊತ್ತಿದ್ದೂ ಹೇಳದೆ ಇರುವುದು ಎಷ್ಟು ಕಷ್ಟವೋ ನೋಡೋಣ ಎಂದು ನಾನು ಮೊದಲೇ ಅಂದುಕೊಂಡಿದ್ದೆ. ಕಷ್ಟವಾಗಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳನ್ನು ಎಣಿಸುತ್ತ ಕುಳಿತಿದ್ದೆ, ಹದಿನೇಳು. ಅಷ್ಟು ಸುಲಭ ಎಂದು ತಿಳಿದದ್ದು ನನಗೆ ಹಿಡಿಸಲಿಲ್ಲ. ಕಿತ್ತೂರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, "ಎಲ್ಲಾ ಹೋಗೇತಿ. ಎದಿ ಸ್ವಚ್ಛ ಐತಿ" ಎಂದೆ.

ಅಣ್ಣ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ಆಮೇಲೆ "ನೀರು ತರ್ತೇನಿ" ಎಂದು ಇಳಿದು ಹೋದ. ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದು ಹತ್ತಿದ. ಕೈಯಲ್ಲಿ ನೀರಿರಲಿಲ್ಲ.

ಕಿತ್ತೂರಿನಿಂದ ಮನೆಯವರೆಗೆ, ಅವ್ವನಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡೆ. ಯಾರ ಬಾಯಿಂದಲೂ ಅಲ್ಲ, ನನ್ನ ಬಾಯಿಂದ ಅವಳು ಕೇಳಬೇಕಿತ್ತು. ಮನೆಯ ಅಂಗಳ ತೊಳೆದಿತ್ತು. ಒಳಗಿನಿಂದ ಹೂರಣ ಬೇಯುವ ವಾಸನೆ ಬರುತ್ತಿತ್ತು. ಓಣಿಗೆಲ್ಲ ಒಂದೇ ಫೋನು ಇದ್ದ ಎದುರುಮನೆಯ ಕಾಕು, ಕಟ್ಟೆಯ ಮೇಲೆ ಕುಳಿತವಳು, ನನ್ನನ್ನು ಕಂಡು ಕಣ್ಣೊರೆಸಿಕೊಂಡಳು. ನಾನು ಅಣ್ಣನ ಕಡೆ ತಿರುಗಿದೆ.

"ಛಲೋ ಸುದ್ದಿ ಐತಲಾ," ಎಂದ ಅವನು. "ತಡಕೊಳ್ಳಾಕ ಆಗಲಿಲ್ಲ. ಕಿತ್ತೂರಾಗ ಇಳದು ಫೋನ್ ಮಾಡಿದ್ನಿ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ಕೈಯ ಹಿಟ್ಟು ಒರೆಸುತ್ತ ನಿಂತಿದ್ದಳು. ನಾನು ರಿಪೋರ್ಟು ಹೊರಗೆ ತೆಗೆದು, ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಕಣ್ಣು ಅಗಲಿಸಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಮೊದಲ ಸಲ ಕೇಳುವವಳಂತೆ ಕೇಳಿದಳು. ಹಾಗೆ ಕೇಳುವುದು ಅವಳಿಗೆ ಬಹಳ ಚೆನ್ನಾಗಿ ಬರುತ್ತದೆ.